ತುಮಕೂರಿನಲ್ಲೇ ಸೇರೋಣ

ತುಮಕೂರಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮತ್ತು ಊರಿನ ಸಾಫ್ಟ್‌ವೇರ್ ಡೆವಲಪರ್‌ಗಳ ಮುಂದೆ ಆಡಿದ ಮಾತುಗಳ ಬರಹ ರೂಪ

ಎಲ್ಲರಿಗೂ ನಮಸ್ಕಾರ. ಎರಡನೇ ಶನಿವಾರದ ರಜೆ ಬಿಟ್ಟು ಬಂದಿದ್ದೀರಿ, ತುಂಬಾ ಸಂತೋಷ. ಹಿಂದೆ ಕೂತವರು ದಯವಿಟ್ಟು ಮುಂದೆ ಬನ್ನಿ, ಮೈಕ್ ಇಲ್ಲದೆಯೇ ಮಾತಾಡೋಣ.

ಇಲ್ಲಿ ಕಾಲೇಜಿನಲ್ಲಿ ಓದುತ್ತಿರುವವರು ಇದ್ದೀರಿ. ಊರಲ್ಲೇ ಕೂತು ಕೆಲಸ ಮಾಡುವವರು ಇದ್ದೀರಿ. ದಿನಾ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಬರುವವರೂ ಇದ್ದೀರಿ. ಈ ಮೂರೂ ಥರದ ಜನ ಒಂದೇ ಕೋಣೆಯಲ್ಲಿ ಕೂತಿರುವುದೇ ನನಗೆ ಇವತ್ತಿನ ದೊಡ್ಡ ವಿಷಯ.

ನಾನು ಹೇಳಬೇಕಾದದ್ದು ಇಷ್ಟೇ. ತುಮಕೂರಿನಲ್ಲಿ ಕೋಡ್ ಬರೆಯುವವರು ತಿಂಗಳಿಗೊಂದು ಸಲ ಒಂದು ಕಡೆ ಸೇರಬೇಕು. ವರ್ಷಕ್ಕೊಂದು ದೊಡ್ಡ ಕಾರ್ಯಕ್ರಮ ಮಾಡಿ, ಬ್ಯಾನರ್ ಕಟ್ಟಿ, ಶಾಲು ಹೊದಿಸಿ ಮನೆಗೆ ಹೋಗುವುದಕ್ಕಿಂತ, ಹತ್ತು ಜನರ ಸಣ್ಣ ಕೂಟ ತಿಂಗಳು ತಿಂಗಳು ತಪ್ಪದೆ ನಡೆಯುವುದು ಎಷ್ಟೋ ಮೇಲು.

ನಮ್ಮ ಊರಿನ ಪರಿಸ್ಥಿತಿ ನೋಡಿ. ಸಿದ್ಧಗಂಗಾ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಶುರುವಾದದ್ದು 1963ರಲ್ಲಿ. ಅಂದರೆ ಅರವತ್ತು ವರ್ಷದಿಂದ ಇಲ್ಲಿ ಎಂಜಿನಿಯರುಗಳು ತಯಾರಾಗುತ್ತಲೇ ಇದ್ದಾರೆ. ಆಮೇಲೆ ಬೇರೆ ಕಾಲೇಜುಗಳು ಬಂದವು, 2004ರಲ್ಲಿ ವಿಶ್ವವಿದ್ಯಾಲಯವೂ ಬಂತು. ಓದಿದವರಿಗೆ ನಮ್ಮಲ್ಲಿ ಬರ ಇಲ್ಲ. ಆದರೆ ಓದಿದವರು ಒಬ್ಬರನ್ನೊಬ್ಬರು ಕಾಣುವ ಜಾಗ ಇಲ್ಲ. ಬೆಂಗಳೂರು ಬರೀ 70 ಕಿಲೋಮೀಟರ್. ಅದೇ ನಮಗೆ ಅನುಕೂಲ, ಅದೇ ನಮಗೆ ತೊಡಕು. ಮಂಗಳೂರಿನವರಿಗೆ, ಹುಬ್ಬಳ್ಳಿಯವರಿಗೆ ಬೆಂಗಳೂರು ದೂರ. ಏನಾದರೂ ಬೇಕು ಅಂದರೆ ಅವರು ತಮ್ಮ ಊರಿನಲ್ಲೇ ಕಟ್ಟಿಕೊಳ್ಳಬೇಕು. ನಮಗೆ ಮಾತ್ರ "ಬೆಂಗಳೂರಲ್ಲಿ ಇದೆಯಲ್ಲ" ಅನ್ನುವ ಉತ್ತರ ನಾಲಿಗೆ ತುದಿಯಲ್ಲೇ ಇರುತ್ತದೆ.

ಇದೆ, ನಿಜ. ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಕೋಡ್ ಬರೆಯುವವರ ಬ್ಯಾಂಗ್‌ಪೈಪರ್ಸ್ ಗುಂಪು ಅಲ್ಲಿ ಬಹಳ ವರ್ಷದಿಂದ ಇದೆ. ಭಾರತದ ಮೊದಲ ಪೈಕಾನ್ ಸಮ್ಮೇಳನ ನಡೆದದ್ದು 2009ರಲ್ಲಿ, ಬೆಂಗಳೂರಿನ ಐಐಎಸ್‌ಸಿಯಲ್ಲಿ. ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಂ ಬಳಸುವವರು 2001ರಲ್ಲೇ ಅಲ್ಲಿ ಸಮ್ಮೇಳನ ಶುರುಮಾಡಿದ್ದರು. 2020ರಲ್ಲಿ ಹುಟ್ಟಿದ ಫಾಸ್ ಯುನೈಟೆಡ್, ಮುಕ್ತ ತಂತ್ರಾಂಶದವರ, ಅಂದರೆ ಯಾರು ಬೇಕಾದರೂ ಕೋಡ್ ನೋಡಿ ತಿದ್ದಬಹುದಾದ ಸಾಫ್ಟ್‌ವೇರ್ ಬರೆಯುವವರ ಕೂಟಗಳನ್ನು ಬೇರೆ ಬೇರೆ ಊರಿನಲ್ಲಿ ಬೆಳೆಸುತ್ತಿದೆ. ಇವಕ್ಕೆಲ್ಲ ಹೋಗಿ, ಖಂಡಿತ ಹೋಗಿ. 2024ರ ನವೆಂಬರಿನಿಂದ ಮೆಟ್ರೋ ಮಾದಾವರದವರೆಗೆ ಬಂದಿದೆ, ತುಮಕೂರು ರಸ್ತೆಯಲ್ಲೇ ಬಸ್ ಇಳಿದು ಹತ್ತಬಹುದು.

ಆದರೂ ಲೆಕ್ಕ ಹಾಕಿ. ಬೆಳಗ್ಗೆ ಹತ್ತಕ್ಕೆ ಕೋರಮಂಗಲದಲ್ಲಿ ಇರಬೇಕು ಅಂದರೆ ಆರೂವರೆ ಹೊತ್ತಿಗೆ ಮನೆ ಬಿಡಬೇಕು. ವಾಪಸ್ ಬಂದು ಚಪ್ಪಲಿ ಬಿಡುವಾಗ ಸಂಜೆ. ಎರಡು ಗಂಟೆ ಮಾತು ಕೇಳುವುದಕ್ಕೆ ಇಡೀ ದಿನ ಹೋಯಿತು. ಒಂದು ಸಲ ಹೋಗುತ್ತೀರಿ, ಇನ್ನೊಂದು ಸಲ ಹೋಗುತ್ತೀರಿ. ಆಮೇಲೆ ಮನೆಯಲ್ಲಿ ಏನೋ ಒಂದು ಕೆಲಸ ಬರುತ್ತದೆ, ಅಲ್ವಾ? ಆದರೆ ಇಂಥ ಕೂಟದ ಲಾಭ ಇರುವುದೇ ಅದೇ ಮುಖಗಳನ್ನು ಮತ್ತೆ ಮತ್ತೆ ನೋಡುವುದರಲ್ಲಿ. ಮೊದಲ ಸಲ ಹೆಸರು ಗೊತ್ತಾಗುತ್ತದೆ. ಮೂರನೇ ಸಲ ಅವರು ಏನು ಕೆಲಸ ಮಾಡುತ್ತಾರೆ ಅಂತ ಗೊತ್ತಾಗುತ್ತದೆ. ಐದನೇ ಸಲ "ಅಣ್ಣ, ನನ್ನ ಕೋಡ್ ಒಂದ್ಸಲ ನೋಡ್ತೀರಾ?" ಅಂತ ಕೇಳುವ ಸಲಿಗೆ ಬರುತ್ತದೆ. ಈ ಸಲಿಗೆ ಯೂಟ್ಯೂಬ್ ವಿಡಿಯೋದಲ್ಲಿ ಸಿಗುವುದಿಲ್ಲ.

ಮನೆಯಿಂದ ಕೆಲಸ ಮಾಡುವವರಿಗಂತೂ ಇದು ಇನ್ನೂ ಜಾಸ್ತಿ ಬೇಕು. 2020ರಿಂದ ಈಚೆಗೆ ಎಷ್ಟೋ ಜನ ಲ್ಯಾಪ್‌ಟಾಪ್ ಹಿಡಿದು ಊರಿಗೆ ಬಂದರು, ಕೆಲವರು ಇಲ್ಲೇ ಉಳಿದರು. ಮನೆಯ ಊಟ, ಅಪ್ಪ ಅಮ್ಮನ ಜೊತೆ ಇರುವ ನೆಮ್ಮದಿ, ಎಲ್ಲ ಸರಿ. ಆದರೆ ಕೋಡಿನ ಒಂದು ತಪ್ಪಿನ, ಅಂದರೆ ಬಗ್‌ನ ಮುಂದೆ ಮಧ್ಯಾಹ್ನವೆಲ್ಲ ಒಬ್ಬರೇ ಕೂತಾಗ, "ಸ್ವಲ್ಪ ಬಾ, ಇದನ್ನ ನೋಡು" ಅಂತ ಕರೆಯಲು ಪಕ್ಕದಲ್ಲಿ ಯಾರೂ ಇರುವುದಿಲ್ಲ. ಅದೇ ಬಡಾವಣೆಯಲ್ಲಿ ಎರಡು ರಸ್ತೆ ಆಚೆ ಇನ್ನೊಬ್ಬರು ಅದೇ ಲೈಬ್ರರಿ, ಅಂದರೆ ಬೇರೆಯವರು ಬರೆದಿಟ್ಟ ಅದೇ ಸಿದ್ಧ ಕೋಡ್ ಬಳಸುತ್ತಾ ಕೂತಿರುತ್ತಾರೆ. ಇಬ್ಬರಿಗೂ ಗೊತ್ತಿಲ್ಲ. ಇದು ನನ್ನನ್ನು ನಿಜವಾಗಿ ಕಾಡುತ್ತದೆ.

ಈಗ ಒಂದು ಹಳೆಯ ಕಥೆ ಹೇಳುತ್ತೇನೆ. ಸಣ್ಣ ಕೂಟದಿಂದ ಏನಾಗುತ್ತದೆ ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ.

1975ರ ಮಾರ್ಚ್ 5. ಅಮೆರಿಕದ ಕ್ಯಾಲಿಫೋರ್ನಿಯಾದ ಮೆನ್ಲೋ ಪಾರ್ಕ್ ಅನ್ನುವ ಊರು. ಗಾರ್ಡನ್ ಫ್ರೆಂಚ್ ಎಂಬುವರ ಮನೆಯ ಕಾರ್ ಗ್ಯಾರೇಜಿನಲ್ಲಿ ಮೂವತ್ತು ಚಿಲ್ಲರೆ ಜನ ಸೇರಿದರು. ಫ್ರೆಂಚ್ ಮತ್ತು ಫ್ರೆಡ್ ಮೂರ್ ಸೇರಿ ಕರೆದ ಸಭೆ ಅದು. ನೆಪ ಏನು ಅಂದರೆ ಆಲ್ಟೇರ್ 8800 ಅನ್ನುವ ಹೊಸ ಕಂಪ್ಯೂಟರ್ ಕಿಟ್. ಅದಕ್ಕೆ ಕೀಬೋರ್ಡ್ ಇಲ್ಲ, ಪರದೆ ಇಲ್ಲ. ಮುಂದೆ ಸಾಲಾಗಿ ಸ್ವಿಚ್ಚು, ಮೇಲೆ ಸಣ್ಣ ದೀಪಗಳು, ಅಷ್ಟೇ. ಆ ಗುಂಪಿಗೆ ಹೋಮ್‌ಬ್ರೂ ಕಂಪ್ಯೂಟರ್ ಕ್ಲಬ್ ಅಂತ ಹೆಸರು ಬಂತು. ಮುಂದಿನ ಒಂದು ಸಭೆಯಲ್ಲಿ ಒಬ್ಬರು ಆಲ್ಟೇರ್ ಪಕ್ಕದಲ್ಲಿ ಸಣ್ಣ ರೇಡಿಯೋ ಇಟ್ಟರು. ಕಂಪ್ಯೂಟರ್ ಕೆಲಸ ಮಾಡುವಾಗ ರೇಡಿಯೋದಲ್ಲಿ ಗೊರಗೊರ ಅನ್ನುವ ಸದ್ದು ಬರುತ್ತದಲ್ಲ, ಆ ಸದ್ದನ್ನೇ ಪ್ರೋಗ್ರಾಂ ಬರೆದು ಹಾಡಿನ ರಾಗವಾಗಿ ನುಡಿಸಿದರು. ಅದರಿಂದ ಯಾರಿಗೂ ದುಡ್ಡು ಬರಲಿಲ್ಲ. ಆದರೆ ಕೂತವರೆಲ್ಲ ಮನೆಗೆ ಹೋಗಿ ಏನಾದರೂ ಮಾಡಬೇಕು ಅಂತ ಎದ್ದರು.

ಗ್ಯಾರೇಜಿನ ಆ ಮೊದಲ ಸಭೆಯಲ್ಲಿ, ಮುಂದೆ ಆಪಲ್ ಕಂಪನಿಯ ಸ್ಥಾಪಕರಲ್ಲಿ ಒಬ್ಬರಾದ ಸ್ಟೀವ್ ವೋಜ್ನಿಯಾಕ್ ಕೂಡ ಇದ್ದರು. ಬಹಳ ಸಂಕೋಚದ ಮನುಷ್ಯ, ಎದ್ದು ನಿಂತು ಮಾತಾಡುವವರಲ್ಲ. ಅವರು ಮುಂದೆ ಒಂದು ಕಂಪ್ಯೂಟರ್ ಕಟ್ಟಿದರು, ಕ್ಲಬ್ಬಿನವರಿಗೆ ತೋರಿಸಿದರು, ಅದರ ಸರ್ಕ್ಯೂಟ್ ನಕ್ಷೆಯನ್ನು ಬೇಕಾದವರಿಗೆಲ್ಲ ಸುಮ್ನೆ ಕೊಟ್ಟರು. 1976ರಲ್ಲಿ ಮಾರಾಟಕ್ಕೆ ಬಂದ ಆಪಲ್ 1 ಅಂದರೆ ಅದೇ.

ಆಪಲ್ ಎಷ್ಟು ದೊಡ್ಡದಾಯಿತು ಅನ್ನುವುದಕ್ಕಿಂತ ನನಗೆ ಆ ಸಭೆ ನಡೆಯುತ್ತಿದ್ದ ರೀತಿಯ ಮೇಲೆ ಪ್ರೀತಿ. ಲೀ ಫೆಲ್ಸೆನ್‌ಸ್ಟೀನ್ ಎಂಬುವರು ಸಭೆ ನಡೆಸುತ್ತಿದ್ದರು. ಅವರು ಅದನ್ನು ಎರಡು ಭಾಗ ಮಾಡಿದ್ದರು. ಮೊದಲ ಭಾಗದಲ್ಲಿ ಒಬ್ಬೊಬ್ಬರೇ ಎದ್ದು, ನಾನು ಇಂಥದ್ದು ಮಾಡುತ್ತಿದ್ದೇನೆ, ನನ್ನ ಹತ್ತಿರ ಇದು ಇದೆ, ನನಗೆ ಇದು ಬೇಕು ಅಂತ ಚುಟುಕಾಗಿ ಹೇಳುವುದು. ಎರಡನೇ ಭಾಗದಲ್ಲಿ ಕುರ್ಚಿ ಬಿಟ್ಟು ಎದ್ದು, ತಮಗೆ ಬೇಕಾದವರನ್ನು ಹುಡುಕಿಕೊಂಡು ಹೋಗಿ ಮಾತಾಡುವುದು. ಮೊದಲ ಭಾಗ ಇಲ್ಲದಿದ್ದರೆ ಎರಡನೆಯದರಲ್ಲಿ ಯಾರ ಹತ್ತಿರ ಹೋಗಬೇಕು ಅಂತ ಗೊತ್ತಾಗುವುದಿಲ್ಲ. ಎರಡನೇ ಭಾಗ ಇಲ್ಲದಿದ್ದರೆ ಮೊದಲನೆಯದು ಬರೀ ಪರಿಚಯ ಆಗಿ ಮುಗಿಯುತ್ತದೆ. ಎಷ್ಟೋ ಕಾರ್ಯಕ್ರಮಗಳಲ್ಲಿ ಸ್ವಾಗತ ಭಾಷಣ, ಮುಖ್ಯ ಅತಿಥಿ, ವಂದನಾರ್ಪಣೆ ಮುಗಿಯುವ ಹೊತ್ತಿಗೆ ಹಸಿವಾಗಿ ಎಲ್ಲರೂ ಹೊರಟಿರುತ್ತಾರೆ. ಪಕ್ಕದಲ್ಲಿ ಕೂತವರು ಯಾರು ಅಂತಲೂ ತಿಳಿಯುವುದಿಲ್ಲ. ನಮ್ಮ ಕೂಟದಲ್ಲಿ ಮೊದಲ ಅರ್ಧ ಗಂಟೆ, ಕಡೆಯ ಅರ್ಧ ಗಂಟೆ ಈ ಎರಡು ಕೆಲಸಕ್ಕೇ ಮೀಸಲಿರಲಿ.

ಪೈಥಾನ್ ಕಥೆಯೂ ಹೀಗೇ. 1994ರಲ್ಲಿ ಅಮೆರಿಕದಲ್ಲಿ ನಡೆದ ಪೈಥಾನ್‌ನ ಮೊದಲ ಕಾರ್ಯಾಗಾರಕ್ಕೆ ಬಂದವರು 20 ಜನ. ಈ ಕೋಣೆಯಲ್ಲಿ ಅದಕ್ಕಿಂತ ಜಾಸ್ತಿ ಜನ ಇದ್ದೀರಿ.

ಸರಿ, ಸೇರಿದ ಮೇಲೆ ಏನು ಮಾತಾಡುವುದು? ಎಲ್ಲರೂ ಕೇಳುವ ಪ್ರಶ್ನೆ ಇದು. ದೊಡ್ಡ ಕಂಪನಿಯಿಂದ ಯಾರನ್ನಾದರೂ ಕರೆಸಬೇಕಾ, ಎಐ ಬಗ್ಗೆ ಮಾತಾಡಿಸಬೇಕಾ? ಬೇಡ. ನಿಮ್ಮ ಕೈಯಲ್ಲಿ ಇರುವ ಕೆಲಸದ ಬಗ್ಗೆ ಮಾತಾಡಿ.

ಒಂದು ಉದಾಹರಣೆ ಕೊಡುತ್ತೇನೆ. ಇಂಥದ್ದೇ ಒಂದು ಸಣ್ಣ ಕೂಟದಲ್ಲಿ ಒಬ್ಬ ಹುಡುಗ ಬ್ಯಾಗಿನಿಂದ ಅಂಗೈ ಅಗಲದ ಒಂದು ಥರ್ಮಲ್ ಪ್ರಿಂಟರ್ ತೆಗೆದು ಮೇಜಿನ ಮೇಲಿಟ್ಟ. ಬಸ್ ಕಂಡಕ್ಟರ್ ಕೈಯಲ್ಲಿ, ಹೋಟೆಲ್ ಗಲ್ಲಾದಲ್ಲಿ ನೋಡಿರುತ್ತೀರಿ, ಅಂಥದ್ದು. ಪರಿಚಯದ ಕೊಬ್ಬರಿ ವ್ಯಾಪಾರಿಯೊಬ್ಬರಿಗೆ ಅವನು ಬಿಲ್ಲಿಂಗ್ ಆ್ಯಪ್ ಬರೆದುಕೊಟ್ಟಿದ್ದ. ಬಿಲ್ಲು ಕನ್ನಡದಲ್ಲಿ ಬರಬೇಕು ಅನ್ನುವುದು ಅವರ ಒಂದೇ ಷರತ್ತು. ತಿಪಟೂರಿನ ಕೊಬ್ಬರಿ ಮಾರುಕಟ್ಟೆ ಎಷ್ಟು ದೊಡ್ಡದು ಅಂತ ನಿಮಗೆಲ್ಲ ಗೊತ್ತು. ಉಂಡೆ ಕೊಬ್ಬರಿ ತಂದ ರೈತರಿಗೆ ತೂಕ ಎಷ್ಟು, ಕಡಿತ ಎಷ್ಟು ಅಂತ ಓದಲು ಬರಬೇಕಲ್ಲ.

ಹುಡುಗ ಮೊದಲು ಕನ್ನಡ ಅಕ್ಷರಗಳನ್ನು ನೇರವಾಗಿ ಪ್ರಿಂಟರಿಗೆ ಕಳಿಸಿ ತೋರಿಸಿದ. ಬರೀ ಪ್ರಶ್ನೆ ಚಿಹ್ನೆಗಳ ಸಾಲು ಬಂತು. ಅಂಥ ಪ್ರಿಂಟರಿನ ಒಳಗೆ ಕನ್ನಡ ಫಾಂಟ್ ಇರುವುದಿಲ್ಲ. ಹಾಗಾದರೆ ಬಿಲ್ಲನ್ನು ಮೊದಲು ಚಿತ್ರವಾಗಿ ಮಾಡಿ ಆ ಚಿತ್ರವನ್ನೇ ಕಳಿಸಬೇಕು. 58 ಮಿಲಿಮೀಟರ್ ಅಗಲದ ರೋಲ್, ಅಚ್ಚಾಗುವ ಜಾಗ 48 ಮಿಲಿಮೀಟರ್, ಮಿಲಿಮೀಟರಿಗೆ 8 ಚುಕ್ಕಿ. ಒಟ್ಟು 384 ಚುಕ್ಕಿ ಅಗಲದ ಕಪ್ಪು ಬಿಳುಪು ಚಿತ್ರ. ಅದನ್ನೂ ಮಾಡಿ ತೋರಿಸಿದ. ಈ ಸಲ ಅಕ್ಷರ ಬಂತು, ಆದರೆ "ಕೊಬ್ಬರಿ" ಅಂತ ಬರಬೇಕಾದ ಕಡೆ "ಕೊಬ್‌ಬರಿ" ಅಂತ ಬಂತು. ಎಲ್ಲರೂ ಮುಂದಕ್ಕೆ ಬಾಗಿ ನೋಡಿದೆವು. ಪೈಥಾನ್‌ನ ಪಿಲ್ಲೋ ಲೈಬ್ರರಿ ಅಕ್ಷರಗಳನ್ನು ಒಂದರ ಪಕ್ಕ ಒಂದು ಇಡುತ್ತಾ ಹೋಗುತ್ತದೆ. ಒತ್ತಕ್ಷರ ಕೂಡಿಸಬೇಕಾದರೆ ಅದಕ್ಕೆ ರಾಕ್ಮ್ ಮತ್ತು ಹಾರ್ಫ್‌ಬಝ್ ಅನ್ನುವ ಬೇರೆ ಲೈಬ್ರರಿಗಳ ನೆರವು ಬೇಕು. ಅವನ್ನು ಸೇರಿಸಿ ಮೂರನೇ ಸಲ ಪ್ರಿಂಟ್ ಕೊಟ್ಟ. ಸರಿಯಾಗಿ ಬಂತು. ಆ ಬಿಲ್ಲು ಕೈಯಿಂದ ಕೈಗೆ ಇಡೀ ಕೋಣೆ ಸುತ್ತಿತು.

ಇಪ್ಪತ್ತು ನಿಮಿಷದ ಮಾತು ಅದು. ಒಂದು ಸ್ಲೈಡ್ ಇರಲಿಲ್ಲ. ಮೆಡಿಕಲ್ ಸ್ಟೋರಿಗೆ, ಹಾಲಿನ ಡೈರಿಗೆ ಆ್ಯಪ್ ಬರೆಯುವ ಎಷ್ಟೋ ಜನ ನಮ್ಮ ಜಿಲ್ಲೆಯಲ್ಲಿ ಇದೇ ಜಾಗದಲ್ಲಿ ಸಿಕ್ಕಿಹಾಕಿಕೊಂಡು, ಕಡೆಗೆ "ಇಂಗ್ಲಿಷಲ್ಲೇ ಬಿಲ್ ತಗೊಳ್ಳಿ ಸಾರ್" ಅಂತ ಹೇಳಿ ಕೈಬಿಡುತ್ತಾರೆ. ಅವರಿಗೆ ಬೇಕಾದ ಉತ್ತರ ಈ ಊರಿನಲ್ಲೇ ಒಬ್ಬನ ಬ್ಯಾಗಿನಲ್ಲಿ ಇತ್ತು.

ಇಂಥ ವಿಷಯ ಹುಡುಕಿದರೆ ರಾಶಿ ಸಿಗುತ್ತವೆ. ಪೈಥಾನ್‌ನಲ್ಲಿ "ತುಮಕೂರು" ಪದದ ಉದ್ದ ಕೇಳಿ ನೋಡಿ. ನಮ್ಮ ಕಣ್ಣಿಗೆ ನಾಲ್ಕು ಅಕ್ಷರ, ಅದು 7 ಅನ್ನುತ್ತದೆ, ಯಾಕಂದರೆ ಎಲ್ಲ ಭಾಷೆಯ ಅಕ್ಷರಗಳಿಗೂ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಪ್ರತಿ ಕೊಂಬಿಗೂ ಬೇರೆ ಲೆಕ್ಕ. ಫಾರ್ಮಿನಲ್ಲಿ "ಹೆಸರು 20 ಅಕ್ಷರ ಮೀರಬಾರದು" ಅಂತ ಹಾಕಿದವರು ಇದನ್ನು ಯೋಚಿಸದಿದ್ದರೆ ನಮ್ಮ ಅಜ್ಜಂದಿರ ಹೆಸರು ಅರ್ಧಕ್ಕೆ ನಿಲ್ಲುತ್ತದೆ. ಎಸ್‌ಎಂಎಸ್ ಕೂಡ ಹಾಗೇ. ಇಂಗ್ಲಿಷಿನಲ್ಲಿ ಒಂದು ಮೆಸೇಜಿಗೆ 160 ಅಕ್ಷರ, ಕನ್ನಡದಲ್ಲಿ 70. ರೈತರಿಗೆ ಕನ್ನಡದಲ್ಲಿ ಮೆಸೇಜ್ ಕಳಿಸುವವರಿಗೆ ಖರ್ಚು ಎರಡು ಪಟ್ಟು, ಮೂರು ಪಟ್ಟು ಆಗುವುದು ಇದರಿಂದ. ಇನ್ನು ಹೆಸರು ಹೊಂದಿಸುವ ಕೆಲಸ. ಪಹಣಿಗಳು ಭೂಮಿ ಯೋಜನೆಯಲ್ಲಿ ಕಂಪ್ಯೂಟರಿಗೆ ಬಂದು ಎರಡು ದಶಕ ದಾಟಿದೆ. ಪಹಣಿಯಲ್ಲಿ ಸಿದ್ದಗಂಗಯ್ಯ, ರೇಷನ್ ಕಾರ್ಡಿನಲ್ಲಿ ಸಿದ್ಧಗಂಗಯ್ಯ, ಬ್ಯಾಂಕಿನಲ್ಲಿ ಸಿದ್ದಗಂಗೈಯ. ಮೂವರೂ ಒಬ್ಬರೇ ಅಂತ ಪ್ರೋಗ್ರಾಂಗೆ ಹೇಗೆ ಹೇಳಿಕೊಡುತ್ತೀರಿ? ಒಂದು ಇಡೀ ಶನಿವಾರ ಕೂತು ಮಾತಾಡುವಷ್ಟು ಸರಕು ಇದರಲ್ಲಿ ಇದೆ.

ಪಾವಗಡದಲ್ಲಿ 2050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಇದೆ. ಗುಬ್ಬಿ ತಾಲೂಕಿನಲ್ಲಿ 2023ರಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆ ಆಯಿತು. ವಸಂತನರಸಾಪುರದಲ್ಲಿ ಫ್ಯಾಕ್ಟರಿಗಳಿವೆ. ಇಂಥ ಕಡೆ ಪಿಎಲ್‌ಸಿಗೆ, ಅಂದರೆ ಮೆಷಿನ್ನುಗಳನ್ನು ನಡೆಸುವ ಪುಟ್ಟ ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುವವರು ತಮ್ಮನ್ನು ಡೆವಲಪರ್ ಅಂತ ಕರೆದುಕೊಳ್ಳುವುದೇ ಇಲ್ಲ. ಅವರೂ ನಮ್ಮವರೇ. ಅವರನ್ನು ಕರೆಯಿರಿ.

ಭಾಷೆಯ ವಿಷಯ. ಹೋದ ವಾರ ಒಬ್ಬ ವಿದ್ಯಾರ್ಥಿನಿ ಕೇಳಿದಳು, "ಸಾರ್, ನಂಗೆ ಹೇಳೋಕೆ ವಿಷಯ ಇದೆ, ಆದ್ರೆ ಇಂಗ್ಲಿಷಲ್ಲಿ ನಿಂತು ಮಾತಾಡೋಕೆ ಭಯ" ಅಂತ. ಕನ್ನಡದಲ್ಲಿ ಮಾತಾಡಮ್ಮಾ. ಫಂಕ್ಷನ್, ಲೂಪ್, ಡೇಟಾಬೇಸ್ ಅನ್ನುವ ಪದಗಳು ಹಾಗೇ ಇರಲಿ, ಅವಕ್ಕೆ ಹೊಸ ಪದ ಹುಡುಕುತ್ತಾ ಕೂರುವ ಕೆಲಸ ಇಲ್ಲ. ಮನೆಯಲ್ಲಿ ತಮ್ಮನಿಗೆ ಹೇಗೆ ಹೇಳಿಕೊಡುತ್ತೀಯೋ ಹಾಗೆ ಹೇಳು. ಸಂದರ್ಶನಕ್ಕೆ ಇಂಗ್ಲಿಷ್ ಬೇಕು, ಅದನ್ನು ಕಲಿಯಲೇಬೇಕು, ನಾನು ಇಲ್ಲ ಅನ್ನುವುದಿಲ್ಲ. ಆದರೆ ವಿಷಯ ತಲೆಗೆ ಹೋಗಿದೆಯೋ ಇಲ್ಲವೋ ಅಂತ ಮೊದಲು ಗೊತ್ತಾಗುವುದು ನಮ್ಮ ಮಾತಿನಲ್ಲಿ ಹೇಳಿದಾಗಲೇ. ಪ್ರಶ್ನೆಗಳೂ ಕನ್ನಡದಲ್ಲಿ ಕೇಳಿದಾಗ ಜಾಸ್ತಿ ಬರುತ್ತವೆ, ಇದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಈಗ ನನಗೆ ಬೇಸರ ತರಿಸುವ ಒಂದು ವಿಷಯ. ಸರ್ಟಿಫಿಕೇಟ್. ವಿಟಿಯು ವಿದ್ಯಾರ್ಥಿಗಳಿಗೆ ಎಐಸಿಟಿಇ ಆ್ಯಕ್ಟಿವಿಟಿ ಪಾಯಿಂಟ್, ಅಂದರೆ ಪಾಠದ ಹೊರಗಿನ ಚಟುವಟಿಕೆಗೆ ಸಿಗುವ ಅಂಕ, 100 ಆಗಬೇಕು, ಗೊತ್ತು. ಆದರೆ ಪಾಯಿಂಟಿಗೋಸ್ಕರ, ಹಾಜರಾತಿಗೋಸ್ಕರ ಇನ್ನೂರು ಜನರನ್ನು ತಂದು ಕೂರಿಸಿದ ಹಾಲ್‌ಗಳಲ್ಲಿ ನಾನು ಮಾತಾಡಿದ್ದೇನೆ. ಒಂದು ಪ್ರಶ್ನೆ ಬರುವುದಿಲ್ಲ. ಮಕ್ಕಳ ತಪ್ಪಲ್ಲ ಅದು, ಅವರಿಗೆ ಬರಬೇಕು ಅಂತ ಅನಿಸಿರಲೇ ಇಲ್ಲ. ಈ ಕೂಟಕ್ಕೆ ಹಾಜರಾತಿ ಪುಸ್ತಕ ಇಡಬೇಡಿ. ಬಂದ ಹನ್ನೆರಡು ಜನ ತಾವಾಗಿ ಬಂದಿರಲಿ. ಕೋರ್ಸ್ ಮಾರುವವರು, ಟ್ರೈನಿಂಗ್ ಸೆಂಟರಿನವರು ಮೈಕ್ ಕೇಳಿಕೊಂಡು ಬರುತ್ತಾರೆ. ಅವರಿಗೂ ಬೇರೆಯವರಂತೆ ಕುರ್ಚಿ ಕೊಡಿ, ಮಾರಾಟಕ್ಕೆ ಸಮಯ ಕೊಡಬೇಡಿ.

ಖರ್ಚು ಹೆಚ್ಚಿಲ್ಲ. ಕಾಲೇಜಿನ ಒಂದು ಕ್ಲಾಸ್‌ರೂಮು, ಒಂದು ಪ್ರೊಜೆಕ್ಟರ್, ಎಚ್‌ಡಿಎಂಐ ಕೇಬಲ್, ಈಗಿನ ಲ್ಯಾಪ್‌ಟಾಪಿಗೆ ಬೇಕಾದ ಟೈಪ್ ಸಿ ಅಡಾಪ್ಟರ್. ಕರೆಂಟ್ ಹೋದರೆ ಬೋರ್ಡು, ಚಾಕ್‌ಪೀಸು. ಟೀ ಖರ್ಚನ್ನು ಬಂದವರೇ ಹಂಚಿಕೊಳ್ಳಲಿ. ಯಾವಾಗಲಾದರೂ ಕ್ಯಾತ್ಸಂದ್ರದಿಂದ ತಟ್ಟೆ ಇಡ್ಲಿ ತರಿಸಿದರೆ ಮಾತು ಇನ್ನೂ ಅರ್ಧ ಗಂಟೆ ಮುಂದುವರಿಯುತ್ತದೆ, ಅದೂ ಒಳ್ಳೆಯದೇ.

ಸಮಯದ ಬಗ್ಗೆ ಮಾತ್ರ ನಾನು ಹಟ ಮಾಡುತ್ತೇನೆ. ಬೆಳಗ್ಗೆ ಹತ್ತೂವರೆಗೆ ಶುರು, ಒಂದು ಗಂಟೆಗೆ ಮುಗಿತಾಯ. ಸಂಜೆ ಬೇಡ. ಕೊರಟಗೆರೆ, ಮಧುಗಿರಿ, ಕುಣಿಗಲ್ ಕಡೆಯ ಹಳ್ಳಿಗಳಿಂದ ಬರುವವರಿಗೆ ಊರಿನ ಬಸ್ ತಪ್ಪಬಾರದು. ಹೆಣ್ಣುಮಕ್ಕಳು ಮನೆಯಲ್ಲಿ ಹೇಳಿ ಬರುವಾಗ ಎಲ್ಲಿ, ಯಾರು ಯಾರು ಇರುತ್ತಾರೆ, ಎಷ್ಟು ಹೊತ್ತಿಗೆ ವಾಪಸ್ ಅಂತ ಕೇಳುತ್ತಾರೆ. ಈ ಮೂರಕ್ಕೂ ನೇರ ಉತ್ತರ ಇರಬೇಕು. ಜಾಗ ಬಸ್ ಸ್ಟ್ಯಾಂಡಿನಿಂದ ನಡೆದು ಹೋಗುವಷ್ಟು ಹತ್ತಿರ, ಎಲ್ಲರಿಗೂ ಗೊತ್ತಿರುವ ಕಟ್ಟಡ ಆಗಿರಲಿ. ಶೌಚಾಲಯದ ಬೀಗ ತೆಗೆಸಿದ್ದಾರಾ ಅಂತ ಮೊದಲೇ ನೋಡಿ. ನಡೆಸುವವರಲ್ಲಿ ಇಬ್ಬರಾದರೂ ಹೆಣ್ಣುಮಕ್ಕಳು ಇರಲಿ. ಯಾರಾದರೂ ಅಸಭ್ಯವಾಗಿ ನಡೆದುಕೊಂಡರೆ ಯಾರಿಗೆ ಹೇಳಬೇಕು ಅನ್ನುವುದನ್ನು ಶುರುವಿನಲ್ಲೇ ಎಲ್ಲರ ಮುಂದೆ ಹೇಳಿ, ಬೋರ್ಡಿನ ಮೇಲೆ ಬರೆಯಿರಿ.

ದಿನ ಬದಲಾಯಿಸಬೇಡಿ. ಸಂತೆಗೆ ಯಾರೂ ಆಹ್ವಾನ ಪತ್ರಿಕೆ ಹಂಚುವುದಿಲ್ಲ. ವಾರ ಗೊತ್ತು, ಜಾಗ ಗೊತ್ತು, ಜನ ಬರುತ್ತಾರೆ. ಎರಡನೇ ಶನಿವಾರ ಅಂದರೆ ಎರಡನೇ ಶನಿವಾರ. ಅವತ್ತು ಸರ್ಕಾರಿ ಕಚೇರಿಗಳಿಗೂ ಬ್ಯಾಂಕುಗಳಿಗೂ ರಜೆ, ಅಲ್ಲಿ ಕೆಲಸ ಮಾಡುವ ತಾಂತ್ರಿಕ ಸಿಬ್ಬಂದಿಯೂ ಬರಬಹುದು. ಭಾನುವಾರ ಇಟ್ಟರೆ ಮದುವೆ, ಗೃಹಪ್ರವೇಶ, ನಾಮಕರಣ, ಅರ್ಧ ಜನ ಅಲ್ಲೇ.

ಕಡೆಯಲ್ಲಿ ಕೆಲವರು ಪ್ರಶ್ನೆ ಕೇಳಿದರು. ಅವನ್ನೂ ಇಲ್ಲಿ ಬರೆಯುತ್ತಿದ್ದೇನೆ.

"ಸಾರ್, ಬರೀ ನಾಲ್ಕು ಜನ ಬಂದ್ರೆ?"

ನಾಲ್ಕು ಜನ ಬಂದರೆ ಪ್ರೊಜೆಕ್ಟರ್ ಬೇಡ, ಒಂದೇ ಲ್ಯಾಪ್‌ಟಾಪ್ ಸುತ್ತ ಕೂತುಕೊಳ್ಳಿ. ನೀವು ದಿನಾ ಬಳಸುವ ಯಾವುದಾದರೂ ಮುಕ್ತ ತಂತ್ರಾಂಶದ ಕೋಡ್ ತೆರೆಯಿರಿ, ಒಂದು ಸಣ್ಣ ದೋಷ ಆರಿಸಿಕೊಂಡು ನಾಲ್ವರೂ ಸೇರಿ ನೋಡಿ. ಕನ್ನಡ ಅನುವಾದದಲ್ಲಿ ತಪ್ಪಿದ್ದರೂ ಸಾಕು, ಅದನ್ನು ತಿದ್ದಿ ಕಳಿಸಿ. ನಲವತ್ತು ಜನ ಇದ್ದಾಗ ಈ ಕೆಲಸ ಮಾಡಲು ಆಗುವುದಿಲ್ಲ. ಅವತ್ತು ಕೂಟ ರದ್ದು ಅಂತ ಮಾತ್ರ ಮೆಸೇಜ್ ಹಾಕಬೇಡಿ. ಐದನೆಯವರು ದಾರಿಯಲ್ಲಿ ಇರುತ್ತಾರೆ.

"ನಾನು ಬಿ.ಕಾಂ. ಓದಿ ಆಮೇಲೆ ಪ್ರೋಗ್ರಾಮಿಂಗ್ ಕಲಿತಿದ್ದು. ಬರಬಹುದಾ?"

ದಯವಿಟ್ಟು ಬನ್ನಿ ಅಮ್ಮ. ಜಿಎಸ್‌ಟಿ ಲೆಕ್ಕ ಗೊತ್ತಿರುವ ಡೆವಲಪರ್ ಒಬ್ಬರು ಕೋಣೆಯಲ್ಲಿ ಇದ್ದರೆ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆಯುವವರೆಲ್ಲ ನಿಮ್ಮನ್ನೇ ಸುತ್ತುವರಿಯುತ್ತಾರೆ.

"ನಡೆಸುವವರು ಫೈನಲ್ ಇಯರ್ ಮುಗಿಸಿ ಊರು ಬಿಟ್ಟು ಹೋಗ್ತಾರೆ. ಆಮೇಲೆ ನಿಂತುಹೋಗುತ್ತಲ್ಲ?"

ಇದು ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ. ಎಷ್ಟೋ ಕೂಟಗಳು ನಿಲ್ಲುವುದು ಹೀಗೆಯೇ. ಅದಕ್ಕೆ ನಡೆಸುವವರು ಬರೀ ವಿದ್ಯಾರ್ಥಿಗಳಾಗಬಾರದು. ಮೂವರು ಇರಲಿ. ಊರಲ್ಲೇ ನೆಲೆಸಿರುವ ಒಬ್ಬರು, ಫೈನಲ್ ಇಯರ್‌ನ ಒಬ್ಬರು, ಸೆಕೆಂಡ್ ಇಯರ್‌ನ ಒಬ್ಬರು. ವಾಟ್ಸಾಪ್ ಗುಂಪಿಗೆ ಮೂವರೂ ಅಡ್ಮಿನ್. ಗುಂಪಿನ ಇಮೇಲ್ ಪಾಸ್‌ವರ್ಡ್, ರೂಮಿನ ಬೀಗದ ಕೈ ಯಾರ ಹತ್ತಿರ ಇರುತ್ತದೆ, ಯಾವ ಮೇಡಂಗೆ ಪತ್ರ ಕೊಟ್ಟು ಅನುಮತಿ ತೆಗೆದುಕೊಳ್ಳಬೇಕು, ಪ್ರೊಜೆಕ್ಟರ್ ಕೇಬಲ್ ಎಲ್ಲಿದೆ, ಹಿಂದಿನ ಕೂಟಗಳಲ್ಲಿ ಯಾರು ಏನು ಮಾತಾಡಿದರು, ಇಷ್ಟನ್ನೂ ಒಂದು ಪುಟದಲ್ಲಿ ಬರೆದಿಡಿ. ಪ್ರತಿ ವರ್ಷ ಫೈನಲ್ ಇಯರ್‌ನವರು ಹೋಗುವ ಮುಂಚೆ, ಜೂನಿಯರ್ ಒಬ್ಬರು ಎರಡು ಕೂಟಗಳನ್ನು ಪೂರ್ತಿ ತಾವೇ ನಡೆಸಲಿ, ಸೀನಿಯರ್ ಹಿಂದೆ ಕೂತಿರಲಿ.

ಮುಂದಿನ ತಿಂಗಳು ಮಾತಾಡುವವರು ಇಬ್ಬರು ಬೇಕು. ಒಬ್ಬರು ಇಪ್ಪತ್ತು ನಿಮಿಷ, ಇನ್ನೊಬ್ಬರು ಬರೀ ಐದು ನಿಮಿಷ. ಟೀ ಕುಡಿಯುತ್ತಾ ಹೆಸರು ಕೊಡಿ, ನಾನು ಬಾಗಿಲ ಹತ್ತಿರವೇ ಇರುತ್ತೇನೆ.